ಮಗು ತಲೆ ಮೇಲೆ ಗಡ್ಡೆ ಥರ ಊತ, ಎರೆಯುವಾಗ ಒತ್ತಬಹುದಾ?

ಹೊಸ ಅಪ್ಪ · ಭಾನುವಾರ ರಾತ್ರಿ 9:12

ಇಷ್ಟು ದಿನ ಈ ಗುಂಪಲ್ಲಿ ಕಾಫಿ ರೇಟು, ಯಾವ ಕಡೆ ಎಷ್ಟು ಮಳೆ ಅಂತ ಓದ್ಕೊಂಡು ಹೋಗ್ತಿದ್ದವನು. ಬರೀತಿರೋದು ಇದೇ ಮೊದಲು.

ಬುಧವಾರ ಮಗಳು ಹುಟ್ಟಿದ್ಲು. ಮೊದಲನೇ ಹೆರಿಗೆ, 3 ಕೆಜಿ 600 ಗ್ರಾಂ. ನೋವು ಶುರುವಾಗಿ ಹದಿನೆಂಟು ಗಂಟೆ ಆದ್ರೂ ಆಗ್ಲಿಲ್ಲ, ಕೊನೆಗೆ ತಲೆಗೆ ವ್ಯಾಕ್ಯೂಮ್ ಹಾಕಿ ತೆಗೆದ್ರು. ಹುಟ್ಟಿದಾಗ ತಲೆ ಸೋರೆಕಾಯಿ ಥರ ಉದ್ದಕ್ಕಿತ್ತು, ಮೇಲೆ ಮೆತ್ತಗೆ ಊದಿತ್ತು. ಅದು ಎರಡು ದಿನಕ್ಕೆ ಇಳೀತು. ಆದ್ರೆ ಶುಕ್ರವಾರ ಬಲಗಡೆ ಹಿಂದೆ ಬೇರೆ ಒಂದು ಊತ ಕಾಣಿಸ್ತು. ನಿಂಬೆಹಣ್ಣಿನ ಗಾತ್ರ. ನಿನ್ನೆ ಡಿಸ್ಚಾರ್ಜ್ ಆಗುವಾಗ ಕೇಳಿದ್ದಕ್ಕೆ "ಹೋಗುತ್ತೆ ಬಿಡಿ" ಅಂದ್ರು, ಅಷ್ಟೇ. ಇವತ್ತು ಸ್ವಲ್ಪ ದೊಡ್ಡದಾದ ಹಾಗಿದೆ.

ಬಾಣಂತನ ಸಕಲೇಶಪುರದ ಹತ್ತಿರ ಅತ್ತೆ ಮನೇಲಿ. ಹೆಂಡತಿಯ ಅಜ್ಜಿ ಮಗು ಎರೆಯೋದ್ರಲ್ಲಿ ಊರಿಗೇ ಹೆಸರು. ನಾಳೆ ಹರಳೆಣ್ಣೆ ಹಚ್ಚಿ, ಬಿಸಿ ಬಟ್ಟೇಲಿ ಕಾವು ಕೊಟ್ಟು ಒತ್ತಿ ತಲೆ ತಿದ್ದಿದ್ರೆ ಒಂದು ವಾರಕ್ಕೆ ಕೂತ್ಕೊಳ್ಳುತ್ತೆ ಅಂತಾರೆ. ಬೇಡ ಅನ್ನೋಕೆ ನನಗೆ ಧೈರ್ಯ ಇಲ್ಲ, ಹೂಂ ಅನ್ನೋಕೂ ಭಯ. ಗೊತ್ತಿರೋರು ಹೇಳಿ.

ಬೇಲೂರಮ್ಮ · 9:20

ನಮ್ಮ ದೊಡ್ಡವನಿಗೂ ಹೀಗೇ ಇತ್ತು. ಏನೂ ಮಾಡ್ಲಿಲ್ಲ, ಎರಡು ತಿಂಗಳಿಗೆ ಹೋಯ್ತು. ಒತ್ತಿಸ್ಬೇಡಿ.

ಖಾರಾ ಮಂಡಕ್ಕಿ · 9:31

ಸಿರಿಂಜ್ ಹಾಕಿ ಆ ರಕ್ತ ತೆಗೆಸಿಬಿಡಿ. ಐದು ನಿಮಿಷದ ಕೆಲಸ. ಈ ವ್ಯಾಕ್ಯೂಮು ಗೀಕ್ಯೂಮು ಎಲ್ಲಾ ಡಾಕ್ಟ್ರುಗಳಿಗೆ ಮನೆಗೆ ಹೋಗೋ ಅರ್ಜೆಂಟು. ನಮ್ಮಜ್ಜಿ ಒಂಬತ್ತು ಹೆತ್ತಳು, ಎಲ್ಲಾ ಸೂಲಗಿತ್ತಿ ಕೈಲೇ. ಒಂದಕ್ಕೂ ಗಡ್ಡೆ ಇರ್ಲಿಲ್ಲ.

ನಿವೃತ್ತ ಸಿಸ್ಟರ್, ಹಾಸನ · 10:05

ಮಂಡಕ್ಕಿಯವರೇ, ಸೂಜಿ ಮಾತು ಮೊದಲು ವಾಪಸ್ ತಗೊಳ್ಳಿ. ಆ ಊತಕ್ಕೆ ಸೂಜಿ ಚುಚ್ಚಿದ್ರೆ ಹೊರಗಿನ ರೋಗಾಣು ಒಳಗೆ ಹೋಗೋಕೆ ನಾವೇ ದಾರಿ ಮಾಡಿಕೊಟ್ಟ ಹಾಗೆ. ಅದನ್ನ ಹಾಗೇ ಬಿಡೋದು ಅಂತಲೇ ನಮಗೆ ಕಲಿಸಿರೋದು, ಮೂವತ್ತು ವರ್ಷ ಹೆರಿಗೆ ವಾರ್ಡಲ್ಲೂ ಮಕ್ಕಳ ಐಸಿಯುನಲ್ಲೂ ನಾನು ಮಾಡಿರೋದೂ ಅದನ್ನೇ.

ಹೊಸ ಅಪ್ಪ, ನಿಮಗೆ ಸ್ವಲ್ಪ ಉದ್ದಕ್ಕೆ ಹೇಳ್ತೀನಿ. ಮೊದಲ ದಿನ ಇದ್ದ ಮೆತ್ತನೆ ಊತ ಚರ್ಮದಡಿ ನೀರು ಕಟ್ಟಿದ್ದು. ದಾರೀಲಿ ತಲೆ ಒತ್ತಿಕೊಂಡು ಬಂದಿದ್ದಕ್ಕೆ ಆಗೋದು. ಹುಟ್ಟಿದಾಗಲೇ ಇರುತ್ತೆ, ಎರಡು ಮೂರು ದಿನಕ್ಕೆ ಹೋಗುತ್ತೆ. ನಿಮ್ಮದು ಹೋಗಿದೆ. ಈಗ ಕಾಣ್ತಿರೋದು ಬೇರೆ. ಮಗುವಿನ ಬುರುಡೆ ಒಂದೇ ಚಿಪ್ಪಲ್ಲ, ಹಲಗೆ ಹಲಗೆ ಜೋಡಿಸಿದ ಹಾಗಿರುತ್ತೆ. ಒಂದೊಂದು ಹಲಗೆಗೂ ಕಾಫಿ ಬೀಜಕ್ಕೆ ಪಾರ್ಚ್‌ಮೆಂಟ್ ಸಿಪ್ಪೆ ಅಂಟಿಕೊಂಡಿರೋ ಹಾಗೆ ತೆಳ್ಳನೆ ಪೊರೆ ಇರುತ್ತೆ. ಆ ಪೊರೆಗೂ ಮೂಳೆಗೂ ಮಧ್ಯೆ ಸಣ್ಣ ರಕ್ತನಾಳ ಹರಿದು ರಕ್ತ ನಿಧಾನಕ್ಕೆ ಸೇರುತ್ತೆ, ಅದಕ್ಕೇ ಹುಟ್ಟಿದಾಗ ಕಾಣಲ್ಲ, ಒಂದೆರಡು ದಿನಕ್ಕೆ ಎದ್ದು ಕಾಣುತ್ತೆ. ಪೊರೆ ಹಲಗೆಯ ಅಂಚಿಗೆ ಗಟ್ಟಿ ಅಂಟಿರೋದ್ರಿಂದ ಊತ ಪಕ್ಕದ ಹಲಗೆಗೆ ದಾಟಲ್ಲ. ಸೆಫಲ್ ಹೆಮಟೋಮ ಅಂತಾರೆ. ಕೆಲವು ವಾರದಿಂದ ಮೂರು ತಿಂಗಳವರೆಗೆ ತಗೊಂಡು ತಾನೇ ಕರಗುತ್ತೆ.

ಕಾವೂ ಬೇಡ, ಒತ್ತೋದೂ ಬೇಡ. ಒತ್ತಿದ್ರೆ ಇನ್ನಷ್ಟು ರಕ್ತ ಬರಬಹುದು, ಬಿಸಿ ಬಟ್ಟೆಗೆ ಎಳೆ ಚರ್ಮ ಬೊಬ್ಬೆ ಬರುತ್ತೆ. ಕಾವು ಕೊಟ್ಟು ಬೊಬ್ಬೆ ಎದ್ದ ತಲೆಗಳನ್ನ ನಾನು ಒಂದಲ್ಲ ನಾಲ್ಕು ನೋಡಿದ್ದೀನಿ.

ಈಗ ನೀವು ಮೂರು ವಿಷಯ ನೋಡಿ ಬರೀಬೇಕು. ಊತ ಬಲಗಡೆ ಮಾತ್ರ ಇದೆಯಾ, ಇಲ್ಲಾ ಹಣೆ, ಕಿವಿ ಹಿಂದೆ, ಕತ್ತಿನವರೆಗೆ ಹರಡಿದೆಯಾ? ಮಗು ಹಾಲು ಕುಡೀತಿದೆಯಾ, ಬಣ್ಣ ಹೇಗಿದೆ? ಡಿಸ್ಚಾರ್ಜ್ ಚೀಟೀಲಿ ವಿಟಮಿನ್ ಕೆ ಕೊಟ್ಟಿದ್ದು ಬರೆದಿದೆಯಾ? ಹುಟ್ಟಿದ ಕೂಡಲೇ ತೊಡೆಗೆ 1 ಮಿಲಿಗ್ರಾಂ ಕೊಡ್ತಾರೆ, ರಕ್ತ ಹೆಪ್ಪುಗಟ್ಟೋಕೆ.

ಹೊಸ ಅಪ್ಪ · 10:22

ಬಲಗಡೆ ಮಾತ್ರ ಇದೆ ಸಿಸ್ಟರ್. ವಿಟಮಿನ್ ಕೆ ಬರೆದಿದೆ. ಹಾಲು ಕುಡೀತಾಳೆ, ಆದ್ರೆ ಎಡಗಡೆಗೆ ಮಲಗಿಸಿ ಕುಡಿಸಿದ್ರೆ ಕಿರುಚ್ತಾಳೆ. ಮುಖ ಸ್ವಲ್ಪ ಹಳದಿ ಅನ್ನಿಸ್ತು, ಅತ್ತೆ "ಬಿಸಿಲಿಗೆ ಹಿಡಿದ್ರೆ ಹೋಗುತ್ತೆ" ಅಂದ್ರು.

ನಿವೃತ್ತ ಸಿಸ್ಟರ್, ಹಾಸನ · 10:31

ಎಡಗಡೆಗೆ ಮಲಗಿಸಿದ್ರೆ ಯಾಕೆ ಕಿರುಚ್ತಾಳೆ? ಒಂದು ಕೆಲಸ ಮಾಡಿ. ಅಂಗಿ ಬಿಚ್ಚಿ ಬೆನ್ನ ಮೇಲೆ ಮಲಗಿಸಿ, ಹಾಸಿಗೆ ಪಕ್ಕ ಕೈ ತಟ್ಟಿ. ಬೆಚ್ಚಿದಾಗ ಮಕ್ಕಳು ಎರಡೂ ಕೈ ಒಟ್ಟಿಗೆ ಅಗಲಿಸಿ ಮೇಲೆತ್ತುತ್ತವೆ. ಅವಳು ಎರಡೂ ಎತ್ತುತ್ತಾಳಾ ನೋಡಿ.

ಹೊಸ ಅಪ್ಪ · 10:44

ಎಡಗೈ ಎತ್ತಲಿಲ್ಲ. ಮೂರು ಸಲ ನೋಡಿದ್ವಿ. ಬಲಗೈ ಮಾತ್ರ. ಎಡ ತೋಳಿಗೆ ಬಿಸಿಜಿ ಲಸಿಕೆ ಹಾಕಿದ್ದಾರಲ್ಲ, ಸೂಜಿ ನೋವಿಗೆ ಕೈ ಎತ್ತಲ್ಲ ಅಂತ ಮನೇಲಿ ಎಲ್ಲರೂ ಅಂದ್ಕೊಂಡಿದ್ವಿ.

ನಿವೃತ್ತ ಸಿಸ್ಟರ್, ಹಾಸನ · 10:50

ಬಿಸಿಜಿಗೆ ಕೈ ಬೀಳಲ್ಲ. ಗಾಬರಿ ಆಗ್ಬೇಡಿ, ಆದ್ರೆ ನಾಳೆ ಬೆಳಿಗ್ಗೆ ಎರೆಯೋದು ಬಿಟ್ಟು ಮಕ್ಕಳ ಡಾಕ್ಟರ ಹತ್ತಿರ ಹೋಗಿ. ಹುಟ್ಟುವಾಗ ಹೆಚ್ಚಾಗಿ ಮುರಿಯೋ ಮೂಳೆ ಅಂದ್ರೆ ಕತ್ತಿನ ಕೆಳಗಿನ ಕಾಲರ್ ಬೋನು. ಅದಿರಬಹುದು, ಇಲ್ಲಾ ಭುಜದ ನರ ಎಳೆದಿರಬಹುದು. ಎರಡನ್ನೂ ಅವರು ನೋಡ್ತಾರೆ. ಹಳದಿಗೆ ರಕ್ತ ಪರೀಕ್ಷೇನೂ ಮಾಡಿಸಿ. ಊತದಲ್ಲಿರೋ ರಕ್ತ ಒಡೆದು ಕರಗುವಾಗ ಕಾಮಾಲೆ ಏರುತ್ತೆ, ಬಿಸಿಲಿಗೆ ಹಿಡಿದ್ರೆ ಇಳಿಯಲ್ಲ, ಅದಕ್ಕೆ ಬೇಕಾಗಿರೋದು ನೀಲಿ ಲೈಟು. ಅಂಗೈ ಅಂಗಾಲು ಹಳದಿ ಆಗಿದ್ರೆ, ಹಾಲು ಬಿಟ್ರೆ, ಎಬ್ಬಿಸಿದ್ರೂ ಏಳದೇ ಇದ್ರೆ ಬೆಳಿಗ್ಗೆ ತನಕ ಕಾಯ್ಬೇಡಿ, 108 ಕರೀರಿ.

ಅಲ್ಲಿವರೆಗೆ ಕಂಕುಳಿಗೆ ಕೈ ಹಾಕಿ ಎತ್ತಬೇಡಿ. ಒಂದು ಅಂಗೈ ಕತ್ತು ಭುಜದಡಿ, ಇನ್ನೊಂದು ಪೃಷ್ಠದಡಿ.

ಮೂಡಿಗೆರೆ ಏಲಕ್ಕಿ · 11:15

ಎಂಥ ಮಾರಾಯ್ರೆ, ಓದಿ ಮೈ ಜುಂ ಅಂತು. ಮನೆಗೆ ಕಳಿಸುವಾಗ ಕೈ ನೋಡ್ಲೇ ಇಲ್ವಾ ಅಲ್ಲಿ?

ಹೊಸ ಅಪ್ಪ · ಸೋಮವಾರ ಸಂಜೆ 6:40

ಹೋಗಿ ಬಂದ್ವಿ. ಎಕ್ಸ್‌ರೇನಲ್ಲಿ ಎಡಗಡೆ ಕಾಲರ್ ಬೋನ್ ಮುರಿದಿದೆ. ಡಾಕ್ಟರು ಬೆರಳಿಟ್ಟು ಮೆಲ್ಲಗೆ ಒತ್ತಿದಾಗ ಕಟಕಟ ಅನ್ನೋದು ನನ್ನ ಬೆರಳಿಗೂ ಸಿಕ್ತು, ಇನ್ನೂ ಕೈಯಲ್ಲೇ ಇದೆ ಆ ಅನುಭವ. ಹಿಡಿತ ಗಟ್ಟಿ ಇದೆ, ಮೊಣಕೈ ಮಡಚ್ತಾಳೆ, ಅದಕ್ಕೆ ನರಕ್ಕೆ ಏನೂ ಆಗಿಲ್ಲ ಅಂದ್ರು. ಹಳದಿ ಗಡಿಯಲ್ಲಿದೆ ಅಂತ ಒಂದು ರಾತ್ರಿ ಲೈಟಲ್ಲಿ ಇಡ್ತಿದ್ದಾರೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದಾಳೆ.

ಮೂಳೆಗೆ ಪ್ಲಾಸ್ಟರ್ ಹಾಕಲ್ವಂತೆ. ಅಂಗಿ ತೋಳನ್ನೇ ಎದೆ ಹತ್ತಿರ ಅಂಗಿಗೆ ಪಿನ್ ಮಾಡಿದ್ರು. ಇಷ್ಟೇನಾ ಅಂತ ನನಗೂ ಅನ್ನಿಸ್ತು.

ನಿವೃತ್ತ ಸಿಸ್ಟರ್, ಹಾಸನ · 7:25

ಇಷ್ಟೇ. ಎಳೆ ಮೂಳೆ ಅಷ್ಟು ಬೇಗ ಕೂಡುತ್ತೆ. ಏಳರಿಂದ ಹತ್ತು ದಿನಕ್ಕೆ ನೋವು ಹೋಗಿ ಕೈ ತಾನೇ ಆಡಿಸೋಕೆ ಶುರು ಮಾಡ್ತಾಳೆ. ಆಮೇಲೆ ಮುರಿದ ಜಾಗದಲ್ಲಿ ಕಡಲೆಕಾಳಿನ ಹಾಗೆ ಗಂಟು ಕೈಗೆ ಸಿಗುತ್ತೆ, ಅದು ಹೊಸ ಮೂಳೆ. ಆಗ ಮತ್ತೆ ಗಾಬರಿಯಾಗಿ ಇಲ್ಲಿಗೆ ಓಡಿ ಬರ್ಬೇಡಿ!

ಬಟ್ಟೆ ಹಾಕೋದು ಹೀಗೆ. ಹಾಕುವಾಗ ನೋವಿರೋ ಕೈ ಮೊದಲು, ತೆಗೆಯುವಾಗ ನೋವಿರೋ ಕೈ ಕೊನೆಗೆ. ತಲೆಮೇಲಿಂದ ಎಳೆಯೋ ಅಂಗಿ ಬೇಡ, ಮುಂದೆ ದಾರ ಕಟ್ಟೋ ಹಳೇ ಥರದ ಅಂಗಿಯೇ ಸರಿ. ನಿಮ್ಮ ಬೆರಳುಗಳನ್ನ ಅಂಗಿಯ ತೋಳಿನ ತುದಿಯಿಂದ ಒಳಗೆ ತೂರಿಸಿ ಮಗುವಿನ ಮುಂಗೈ ಹಿಡ್ಕೊಳ್ಳಿ, ಆಮೇಲೆ ಬಟ್ಟೆ ಜಾರಿಸಿ. ಕೈ ಎಳೀಬೇಡಿ, ಬಟ್ಟೆ ಎಳೀರಿ. ನಾನು ನರ್ಸಿಂಗ್ ಹುಡುಗೀರಿಗೆ ಇದನ್ನ ಗೊಂಬೆ ಮೇಲೆ ಹತ್ತು ಸಲ ಮಾಡಿಸ್ತಿದ್ದೆ, ಹನ್ನೊಂದನೇ ಸಲ ಮಗು ಮೇಲೆ ತಪ್ಪು ಮಾಡೋರು.

ಹಾಲಿಗೆ, ಮಗುವನ್ನ ತಾಯಿಯ ಕಂಕುಳಡಿ ಫೈಲ್ ಇಟ್ಟುಕೊಂಡ ಹಾಗೆ ಹಿಡಿದು ಕುಡಿಸಲಿ, ಕಾಲು ಹಿಂದಕ್ಕೆ. ಎಡಭುಜ ಮೇಲೆ ಬರಬೇಕು. ನೋವಿಗೆ ಡ್ರಾಪ್ಸ್ ಬರೆದಿದ್ರೆ ತೂಕಕ್ಕೆ ಅವರು ಬರೆದಷ್ಟೇ, ಒಂದು ಹನಿಯೂ ಜಾಸ್ತಿ ಬೇಡ.

ಖಾರಾ ಮಂಡಕ್ಕಿ · 8:02

ಸೂಜಿ ಮಾತು ವಾಪಸ್. ಆದ್ರೆ ಈ ಪ್ರಶ್ನೆ ವಾಪಸ್ ತಗೊಳ್ಳಲ್ಲ: ಮೂಳೆ ಮುರಿದದ್ದು ಯಾರು? ಮನೆಗೆ ಕಳಿಸೋವರೆಗೆ ಯಾರೂ ನೋಡ್ಲಿಲ್ಲ ಅಂದ್ರೆ?

ನಿವೃತ್ತ ಸಿಸ್ಟರ್, ಹಾಸನ · 8:40

ಎರಡನ್ನ ಬೇರೆ ಮಾಡಿ ನೋಡಿ. ಮುರಿಯೋದು ಬಹಳ ಸಲ ಯಾರ ತಪ್ಪೂ ಅಲ್ಲ. ತಲೆ ಹೊರಗೆ ಬಂದು ಭುಜ ತಾಯಿಯ ಕಟಿಯ ಮುಂದಿನ ಮೂಳೆಗೆ ಸಿಕ್ಕಿಕೊಂಡ್ರೆ ನಿಮಿಷ ನಿಮಿಷಕ್ಕೂ ಮಗುವಿನ ಉಸಿರು ಲೆಕ್ಕ. ಆಗ ಮೂಳೆ ಹೋದರೂ ಪರವಾಗಿಲ್ಲ, ಮಿದುಳು ಉಳೀಲಿ ಅಂತಲೇ ಕೆಲಸ ಮಾಡ್ತೀವಿ. ದೊಡ್ಡ ಮಗು, ತಾಯಿಗೆ ಸಕ್ಕರೆ, ಚಿಕ್ಕ ಕಟಿ, ಕಾಲು ಮುಂದಾಗಿ ಬರೋ ಮಗು, ತಡವಾದ ಹೆರಿಗೆ, ಇದ್ರಲ್ಲೆಲ್ಲ ಹೆಚ್ಚು. ಇದ್ಯಾವುದೂ ಇಲ್ಲದೆಯೂ ಆಗುತ್ತೆ. ಸಿಸೇರಿಯನ್‌ನಲ್ಲೂ ಮೂಳೆ ಮುರಿದದ್ದು, ಕೆನ್ನೆಗೆ ಬ್ಲೇಡ್ ತಾಗಿದ್ದು ನೋಡಿದ್ದೀನಿ.

ನೋಡದೇ ಕಳಿಸಿದ್ದು ಬೇರೆ ವಿಷಯ. ಅದು ತಪ್ಪು, ನಮ್ಮವರ ಪರ ಮಾತಾಡಲ್ಲ. ವ್ಯಾಕ್ಯೂಮ್ ಹಾಕಿದ ಮಗುವನ್ನ ಬಟ್ಟೆ ಬಿಚ್ಚಿ ತಲೆಯಿಂದ ಕಾಲಿನವರೆಗೆ ನೋಡ್ಬೇಕು, ಎರಡೂ ಕಾಲರ್ ಬೋನ್ ಮೇಲೆ ಬೆರಳು ಓಡಿಸ್ಬೇಕು. ಅಪ್ಪ ಬೇಕು ಅಂದ್ರೆ ಕೇಸ್ ಶೀಟ್ ಕೊಡಿ ಅಂತ ಬರೆದು ಕೇಳಲಿ. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡ್ಬೇಕು ಅಂತ 2002ರ ವೈದ್ಯಕೀಯ ನಡವಳಿಕೆ ನಿಯಮದಲ್ಲೇ ಇದೆ.

ನಿಮ್ಮಜ್ಜಿಯ ಒಂಬತ್ತರ ಬಗ್ಗೆ ಒಂದು ಮಾತು, ಬೇಜಾರು ಮಾಡ್ಕೋಬೇಡಿ. ಎಷ್ಟು ಹೆತ್ತರು ಅಂತ ಹೇಳಿದ್ರಿ, ಎಷ್ಟು ಉಳಿದ್ವು ಅಂತ ಹೇಳಲಿಲ್ಲ.

ಖಾರಾ ಮಂಡಕ್ಕಿ · 8:51

ಐದು.

ಕಡೂರು ತೆಂಗು · ಸೋಮವಾರ ರಾತ್ರಿ 10:10

ಇಲ್ಲಿ ಬರೀಬಾರ್ದು ಅಂತಿದ್ದೆ. ನರದ ಮಾತು ಬಂತಲ್ಲ, ಬರೀತೀನಿ.

ನನ್ನ ಮಗಳಿಗೆ ಈಗ ಆರು ವರ್ಷ. ಹುಟ್ಟಿದಾಗ 4 ಕೆಜಿ 200. ಹೆಂಡತಿಗೆ ಬಸುರಿಯಲ್ಲಿ ಸಕ್ಕರೆ ಬಂದಿತ್ತು. ತಲೆ ಬಂತು, ಭುಜ ಸಿಕ್ಕಿಕೊಳ್ತು. ಬಲಗೈ ಹುಟ್ಟಿದಾಗಿಂದ ಪಕ್ಕದಲ್ಲಿ ಜೋತುಬಿದ್ದಿತ್ತು, ಮೊಣಕೈ ನೆಟ್ಟಗೆ, ಅಂಗೈ ಹಿಂದಕ್ಕೆ ತಿರುಗಿ. ಹೋಟೆಲ್ ಮಾಣಿ ಯಾರಿಗೂ ಕಾಣದ ಹಾಗೆ ಹಿಂದೆ ಕೈ ಚಾಚಿ ಟಿಪ್ಸ್ ಇಸ್ಕೊಳ್ಳೋ ಹಾಗೆ. ಡಾಕ್ಟರುಗಳೂ ಅದಕ್ಕೆ ಅದೇ ಹೆಸರಿಟ್ಟಿದ್ದಾರೆ ಅಂತ ಆಮೇಲೆ ಗೊತ್ತಾಯ್ತು. ಎರ್ಬ್ಸ್ ಪಾಲ್ಸಿ. ಕತ್ತಿಂದ ಕೈಗೆ ಇಳಿಯೋ ನರದ ಕಟ್ಟಿನಲ್ಲಿ ಮೇಲಿನ ಎರಡು, ಸಿ5, ಸಿ6 ಎಳೆದುಹೋಗಿರ್ತವೆ. ಬೆರಳಿಗೆ ಹಿಡಿತ ಇತ್ತು, ಅದಕ್ಕೇ "ಸರಿಹೋಗುತ್ತೆ" ಅಂತ ನಾವು ಸಮಾಧಾನ ಮಾಡ್ಕೊಂಡ್ವಿ.

ಬಹಳಷ್ಟು ಮಕ್ಕಳಿಗೆ ಸರಿಹೋಗುತ್ತೆ, ಅದು ನಿಜ. ಮೊದಲ ಒಂದೆರಡು ತಿಂಗಳಲ್ಲೇ ಮೊಣಕೈ ಮಡಚೋಕೆ ಬಂದ್ರೆ ಪೂರ್ತಿ ಸರಿಯಾಗುತ್ತೆ ಅಂತ ಡಾಕ್ಟರು ಹೇಳಿದ್ರು. ನಾವು ಆ ಎರಡು ತಿಂಗಳು ಏನು ಮಾಡಿದ್ವಿ ಅಂದ್ರೆ, ಮೂಳೆ ಕಟ್ಟೋರ ಹತ್ತಿರ ಹೋದ್ವಿ. ಅವರು ಎಲೆ ಅರೆದು ಹಚ್ಚಿ, ಬಿದಿರು ಕಡ್ಡಿ ಇಟ್ಟು ಕೈಯನ್ನ ಮೈಗೆ ಸೇರಿಸಿ ಬಿಗಿದ್ರು. ವಾರಕ್ಕೊಂದು ಕಟ್ಟು, ಎಂಟು ಕಟ್ಟು. ಬಿಚ್ಚಿದಾಗ ಭುಜದ ಕೀಲು ಜಡ್ಡುಗಟ್ಟಿತ್ತು. ನರ ಎಳೆದಿದ್ದಕ್ಕೆ ಮೂಳೆ ಕಟ್ಟಿದ್ರೆ ಏನು ಬಂತು? ಆಗ ಅಷ್ಟೂ ಹೊಳೀಲಿಲ್ಲ ನಮಗೆ.

ಮೂರು ತಿಂಗಳಿಗೆ ಲಸಿಕೆಗೆ ಹೋದಾಗ ಅಲ್ಲಿದ್ದ ಡಾಕ್ಟರು ಬಿಸ್ಕತ್ತಿನ ಕಾಗದ ಮುಖದ ಹತ್ತಿರ ಆಡಿಸಿ ನೋಡಿದ್ರು, ಕೈ ಬಾಯಿಗೆ ಹೋಗುತ್ತಾ ಅಂತ. ಹೋಗ್ಲಿಲ್ಲ. "ಮೂರು ತಿಂಗಳಿಗೂ ಮೊಣಕೈ ಮೇಲಕ್ಕೆ ಮಡಚದಿದ್ರೆ ಕಾಯಬಾರ್ದು" ಅಂತ ಬೆಂಗಳೂರಿಗೆ ಬರೆದುಕೊಟ್ರು. ಕಾಲಿನ ಹಿಂಭಾಗದ ಒಂದು ನರ ತೆಗೆದು ಕತ್ತಿನ ಹತ್ತಿರ ಜೋಡಿಸಿದ್ರು. ಈಗ ಕೈ ಭುಜದ ಮಟ್ಟಕ್ಕೆ ಏಳುತ್ತೆ. ತಟ್ಟೆಯಿಂದ ತಾನೇ ತಿಂತಾಳೆ. ಬರೆಯೋದು ಎಡಗೈಲಿ. ಜಡೆ ಮಾತ್ರ ನಾನು ಹಾಕ್ಬೇಕು, ಹಿಂದಕ್ಕೆ ಕೈ ಹೋಗಲ್ಲ. ಚೆನ್ನಾಗೇ ಹಾಕ್ತೀನಿ ಈಗ.

ಬೇಲೂರಮ್ಮ · 10:25

ಅಣ್ಣಾ.

ನಿವೃತ್ತ ಸಿಸ್ಟರ್, ಹಾಸನ · 10:58

ಕಡೂರಿನವರೇ, ನೀವು ಬರೆದದ್ದು ಒಳ್ಳೇದಾಯ್ತು. ನರ ಎಳೆದ ಮಗುವಿಗೆ ಕೀಲು ಜಡ್ಡಾಗಬಾರ್ದು ಅಂತಲೇ ಮೊದಲ ಒಂದು ವಾರ, ಹತ್ತು ದಿನ ನೋವಿಗೆ ಬಿಟ್ಟು, ಆಮೇಲೆ ಫಿಸಿಯೋದವರು ತೋರಿಸಿದ ಹಾಗೆ ಬಟ್ಟೆ ಬದಲಿಸಿದಾಗಲೆಲ್ಲ ನಾಲ್ಕೈದು ಸಲ ಭುಜ, ಮೊಣಕೈ, ಮಣಿಕಟ್ಟು ಮೆಲ್ಲಗೆ ಆಡಿಸೋದು. ತೆಂಗಿಗೆ ನೀರು ಬಿಟ್ಟ ಹಾಗೆ, ದಿನಾ ಸ್ವಲ್ಪ. ಉಸಿರು ಜೋರಾಗಿದ್ರೆ ಅದನ್ನೂ ಹೇಳ್ಬೇಕು, ಉಸಿರಾಡಿಸೋ ವಪೆಗೆ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯು) ಹೋಗೋ ನರವೂ ಅದೇ ಕತ್ತಿಂದ ಇಳಿಯೋದು. ಒಂದು ಕಣ್ಣಿನ ರೆಪ್ಪೆ ಜೋತು ಪಾಪೆ ಚಿಕ್ಕದಾಗಿದ್ರೆ ಕೆಳಗಿನ ನರಕ್ಕೂ ಪೆಟ್ಟು ಅಂತ ಲೆಕ್ಕ.

ಆಶಾ, ಆಲ್ದೂರು ಕಡೆ · ಮಂಗಳವಾರ ಮಧ್ಯಾಹ್ನ 1:30

ಸಿಸ್ಟರ್, ನಮ್ಮಂಥ ಆಶಾ ಕಾರ್ಯಕರ್ತೆಯರು ಏನು ನೋಡ್ಬೇಕು ಹೇಳಿ. ಆಸ್ಪತ್ರೇಲಿ ಹುಟ್ಟಿದ ಮಗುವಿಗೆ ನಾವು 3, 7, 14, 21, 28, 42ನೇ ದಿನ ಮನೆಗೆ ಹೋಗ್ತೀವಿ. ತೂಕ, ಜ್ವರ, ಹೊಕ್ಕಳು ನೋಡ್ತೀವಿ. ಎಸ್ಟೇಟ್ ಲೈನ್ ಮನೆಗಳಲ್ಲಿ ಅಸ್ಸಾಂ, ಜಾರ್ಖಂಡ್‌ನವರು, ಭಾಷೆ ಬರಲ್ಲ. ಚಳಿಗೆ ಮಗುವನ್ನ ಕುಲಾವಿ, ಸ್ವೆಟರ್, ಮೂರು ಸುತ್ತು ಬಟ್ಟೆ ಸುತ್ತಿ ಇಟ್ಟಿರ್ತಾರೆ. ಕೈ ಕಾಲು ಕಾಣೋದೇ ಇಲ್ಲ.

ನಿವೃತ್ತ ಸಿಸ್ಟರ್, ಹಾಸನ · 3:15

ಅದೇ ನೋಡಿ ತಾಯಿ, ಸುತ್ತಿದ ಬಟ್ಟೆಯೊಳಗೆ ಮುರಿದ ಕೈ ಮಲಗಿರುತ್ತೆ. ತೂಕಕ್ಕೆ ಹೇಗೂ ಬಟ್ಟೆ ಬಿಚ್ತೀರಲ್ಲ, ಬಾಗಿಲು ಹಾಕಿ, ಆ ಅರ್ಧ ನಿಮಿಷದಲ್ಲಿ ಎರಡೂ ಕೈ, ಎರಡೂ ಕಾಲು ಒಂದೇ ಸಮ ಆಡ್ತಿದೆಯಾ ನೋಡಿ. ಅತ್ತಾಗ ಬಾಯಿ ಒಂದೇ ಕಡೆ ಎಳೆದುಕೊಳ್ಳುತ್ತಾ, ಇನ್ನೊಂದು ಕಡೆ ಕಣ್ಣು ಮುಚ್ಚಲ್ವಾ ನೋಡಿ. ಅದು ಮುಖದ ನರಕ್ಕೆ ಬಿದ್ದ ಪೆಟ್ಟು. ಹೆಚ್ಚಿನವು ವಾರಗಳಲ್ಲಿ ಸರಿಹೋಗ್ತವೆ, ಆದ್ರೆ ಮುಚ್ಚದ ಕಣ್ಣು ಒಣಗಬಾರ್ದು, ಡಾಕ್ಟರು ಕೊಟ್ಟ ಕಣ್ಣಿನ ಹನಿ ಹಾಕ್ತಾ ಇರ್ಬೇಕು. ಕಣ್ಣಿನ ಬಿಳಿಯಲ್ಲಿ ಕೆಂಪು ಮಚ್ಚೆ ಕಂಡ್ರೆ ಹೆದರಬೇಡಿ, ಎರಡು ವಾರದಲ್ಲಿ ಮಾಯ.

ಹೆದರಬೇಕಾದ್ದು ಒಂದಿದೆ. ಅದನ್ನ ನಿನ್ನೆ ಬೇಕಂತಲೇ ಬರೀಲಿಲ್ಲ, ಆ ಹುಡುಗ ಮೊದಲೇ ನಡುಗ್ತಿದ್ದ. ಆಗ ನನಗೆ ನೈಟ್ ಡ್ಯೂಟಿ. ವ್ಯಾಕ್ಯೂಮ್ ಎರಡು ಸಲ ಜಾರಿ ಮೂರನೇ ಸಲಕ್ಕೆ ಬಂದ ಮಗು. ಹುಟ್ಟಿ ನಾಲ್ಕು ಗಂಟೆಗೆ ತಲೆ ಮುಟ್ಟಿದ್ರೆ ನೀರು ತುಂಬಿದ ಬಲೂನ್ ಹಾಗೆ ಬೆರಳಿಂದ ಬೆರಳಿಗೆ ಅಲೆ ಹೋಗ್ತಿತ್ತು. ಊತಕ್ಕೆ ಗೋಡೆಯೇ ಇಲ್ಲ, ಹುಬ್ಬಿಂದ ಕತ್ತಿನ ಹಿಂದಿನವರೆಗೆ. ಒಂದು ಕಿವಿ ಮುಂದಕ್ಕೆ ತಳ್ಳಿತ್ತು. ಟೇಪ್ ಹಿಡಿದೆ, ಹುಟ್ಟಿದಾಗ 34 ಸೆಂಟಿಮೀಟರ್ ಬರೆದಿತ್ತು, ಆಗ 36. ಅರ್ಧ ಗಂಟೆಗೆ ಮತ್ತೆ ಹಿಡಿದೆ, 37. ತುಟಿ ಬಿಳಚಿಕೊಂಡಿತ್ತು, ಎದೆ ಬಡಿತ 190. 3 ಕೆಜಿ ಮಗುವಿನ ಮೈಯಲ್ಲಿ ಇರೋ ರಕ್ತ ಒಟ್ಟು ಕಾಲು ಲೀಟರ್. ಬುರುಡೆಯ ಪೊರೆಯ ಮೇಲಿನ ಆ ಜಾಗಕ್ಕೆ ಅದರಲ್ಲಿ ಹೆಚ್ಚಿನ ಪಾಲು ಇಳಿದುಹೋಗಬಹುದು. ಹೊರಗೆ ಒಂದು ತೊಟ್ಟೂ ಕಾಣಲ್ಲ. ಡಾಕ್ಟರನ್ನ ಎಬ್ಬಿಸಿ, ರಕ್ತ ಹಾಕಿ, ಬೆಳಗಾಗೋದ್ರೊಳಗೆ ಬಣ್ಣ ಬಂತು. ಉಳೀತು ಮಗು.

ಇದು ಹೆಚ್ಚಾಗಿ ಮೊದಲ ಎರಡು ದಿನದೊಳಗೇ ಗೊತ್ತಾಗೋದು. ಅದಕ್ಕೇ ವ್ಯಾಕ್ಯೂಮ್ ಮಗುವಿಗೆ ಕುಲಾವಿ ಹಾಕಿ ಮರೆಯೋ ಹಾಗಿಲ್ಲ, ತೆಗೆದು ತೆಗೆದು ಮುಟ್ಟಿ ನೋಡ್ಬೇಕು.

ಮೂಡಿಗೆರೆ ಏಲಕ್ಕಿ · 4:00

ಖರ್ಚು ಎಷ್ಟಾಗುತ್ತೆ ಇದಕ್ಕೆಲ್ಲ?

ಆಶಾ, ಆಲ್ದೂರು ಕಡೆ · 4:20

ಸರ್ಕಾರಿ ಆಸ್ಪತ್ರೇಲಿ ಹೆರಿಗೆ, ರಕ್ತ, ಔಷಧಿ, ಕಾಯಿಲೆ ಬಿದ್ದ ಮಗುವಿನ ಚಿಕಿತ್ಸೆ, ಗಾಡಿ, ಎಲ್ಲಾ ಉಚಿತ. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಇದೆ. ತಾಯಿ ಕಾರ್ಡ್ ಕೈಯಲ್ಲಿರಲಿ ಅಷ್ಟೇ.

ಹೊಸ ಅಪ್ಪ · ಹದಿಮೂರು ದಿನದ ಮೇಲೆ

ಹಳದಿ ಹೋಯ್ತು. ಹತ್ತನೇ ದಿನಕ್ಕೆ ಎಡಗೈ ತಾನೇ ಎತ್ತಿ ನನ್ನ ಕನ್ನಡಕ ಕಿತ್ತಳು. ಕಡಲೆಕಾಳಿನ ಗಂಟು ಸಿಕ್ತು, ಓಡಿ ಬರಲಿಲ್ಲ ನೋಡಿ ಸಿಸ್ಟರ್.

ಅಜ್ಜಿ ಎರೆಯೋದು ಬಿಟ್ಟಿಲ್ಲ. ತಲೆಗೆ ಎಣ್ಣೆ ಸವರ್ತಾರೆ, ಒತ್ತಲ್ಲ. ಎಡಭುಜ ಮುಟ್ಟಲ್ಲ. ಎರಡು ದಿನ ಮಾತು ಬಿಟ್ಟಿದ್ರು, ಆಮೇಲೆ ಎಕ್ಸ್‌ರೇ ಫಿಲ್ಮ್ ಕಿಟಕಿಗೆ ಹಿಡಿದು ತೋರಿಸಿದೆ. ಬಹಳ ಹೊತ್ತು ನೋಡಿದ್ರು. "ನಾನು ಎತ್ತಿ ಕುಲುಕಿಬಿಡ್ತಿದ್ದೆನಲ್ಲೋ" ಅಂದ್ರು. ಅವರದ್ದೊಂದು ಪ್ರಶ್ನೆ: ತಿದ್ದದೇ ಹೋದ್ರೆ ತಲೆ ಗುಂಡಗೆ ಹೇಗಾಗುತ್ತೆ?

ನಿವೃತ್ತ ಸಿಸ್ಟರ್, ಹಾಸನ · ಅದೇ ದಿನ

ಅಜ್ಜಿಗೆ ನನ್ನ ನಮಸ್ಕಾರ ಹೇಳಿ. ಹುಟ್ಟುವಾಗ ಹಲಗೆಗಳು ಒಂದರ ಮೇಲೊಂದು ಜರುಗಿ ದಾರಿ ಮಾಡ್ಕೊಂಡು ಬಂದಿರ್ತವೆ, ಕೆಲವು ದಿನದಲ್ಲಿ ತಾವೇ ಜಾಗಕ್ಕೆ ಬರ್ತವೆ. ಮಲಗಿಸುವಾಗ ಬೆನ್ನ ಮೇಲೇ ಮಲಗಿಸಿ, ಒಂದು ಸಲ ಮುಖ ಈ ಕಡೆ, ಒಂದು ಸಲ ಆ ಕಡೆ. ಎದ್ದಿರುವಾಗ ಅಜ್ಜಿ ಮಡಿಲಲ್ಲಿ ಬೋರಲು ಮಲಗಿಸಿಕೊಳ್ಳಲಿ. ಅವರ ಕೈಗೂ ಕೆಲಸ ಆಯ್ತು.

ಹೊಸ ಅಪ್ಪ · ಐದನೇ ವಾರ

ಸಿಸ್ಟರ್, ಮತ್ತೆ ಭಯ. ತಲೆ ಊತದ ಅಂಚು ಗಟ್ಟಿಯಾಗಿದೆ, ಬಳೆ ಥರ. ನಡುವೆ ಮೆತ್ತಗೆ, ಬೆರಳಿಟ್ಟರೆ ಬುರುಡೆಯಲ್ಲಿ ಗುಳಿ ಬಿದ್ದ ಹಾಗೆ. ಮೂಳೆ ಒಳಗೆ ಹೋಗಿದೆಯಾ?

ನಿವೃತ್ತ ಸಿಸ್ಟರ್, ಹಾಸನ · ಅದೇ ದಿನ

ಇಲ್ಲ. ಊತ ಕರಗುವಾಗ ಅಂಚಿನಿಂದ ಸುಣ್ಣ ಕಟ್ಟಿಕೊಂಡು ಬರುತ್ತೆ. ಸುತ್ತ ಎತ್ತರ ಆದಾಗ ನಡುವೆ ಗುಳಿ ಅನ್ನಿಸುತ್ತೆ, ಬೆರಳಿಗೆ ಆಗೋ ಮೋಸ. ಆರನೇ ವಾರದ ಲಸಿಕೆಗೆ ಹೋದಾಗ ಡಾಕ್ಟರಿಗೂ ತೋರಿಸಿ. ಅಷ್ಟರೊಳಗೆ ಕೆಂಪಾದ್ರೆ, ಮುಟ್ಟಿದ್ರೆ ಬಿಸಿ ಇದ್ರೆ, ಜ್ವರ ಬಂದ್ರೆ ಮಾತ್ರ ಕೂಡಲೇ ಹೋಗಿ. ಮತ್ತೆ, ದಿನಾ ಬೆರಳಿಟ್ಟು ನೋಡೋದು ನಿಲ್ಲಿಸಿ.

ಹೊಸ ಅಪ್ಪ · ಅದೇ ದಿನ

ಇದನ್ನ ಅಜ್ಜಿಗೆ ಓದಿ ಹೇಳಿದೆ. "ನಾನೆಲ್ಲಿ ಮುಟ್ಟಿದೆ? ಇವನಿಗೇ ಹೇಳಿರೋದು" ಅಂತ ನನ್ನ ಕೈ ಮೇಲೆ ಒಂದು ಬಾರಿಸಿದ್ರು.